ಆತ್ಮಹತ್ಯೆ ತಡೆ: ಸಂಘದ ಕಂತಿನಿಂದ ಕಾನೂನಿನವರೆಗೆ, ಸರ್ಕಾರದ ಕೈಯಲ್ಲಿ ಏನೇನಿದೆ?

ತಾಲ್ಲೂಕು ಆಸ್ಪತ್ರೆಯ ತುರ್ತು ಚಿಕಿತ್ಸೆ ಕೊಠಡಿ ಮುಂದೆ ನಿಂತ ಮನೆಯವರು ಡಾಕ್ಟರನ್ನು ಮೊದಲು ಕೇಳುವುದು "ಜೀವಕ್ಕೇನೂ ತೊಂದರೆ ಇಲ್ವಾ?" ಅಂತ. ಅದರ ಹಿಂದೆಯೇ, ದನಿ ತಗ್ಗಿಸಿ ಇನ್ನೊಂದು ಪ್ರಶ್ನೆ ಬರುತ್ತದೆ: "ಪೊಲೀಸ್ ಕೇಸ್ ಆಗುತ್ತಾ ಸಾರ್?" ಆ ಎರಡನೇ ಪ್ರಶ್ನೆಯ ಭಯಕ್ಕೆ ಎಷ್ಟೋ ಮನೆಗಳಲ್ಲಿ ಆಸ್ಪತ್ರೆಗೆ ಹೊರಡುವುದೇ ತಡವಾಗುತ್ತದೆ. ನಡೆದದ್ದನ್ನು ಮುಚ್ಚಿಡುತ್ತಾರೆ. ಡಾಕ್ಟರ ಹತ್ತಿರವೂ ಸುಳ್ಳು ಹೇಳುತ್ತಾರೆ.

ಕಳೆದ ಕೆಲವು ವರ್ಷಗಳಲ್ಲಿ ಈ ವಿಚಾರದಲ್ಲಿ ಬಹಳಷ್ಟು ಬದಲಾಗಿದೆ. 2022ರಲ್ಲಿ ದೇಶಕ್ಕೆ ಮೊದಲ ಸಲ ಆತ್ಮಹತ್ಯೆ ತಡೆಯುವ ರಾಷ್ಟ್ರೀಯ ಕಾರ್ಯನೀತಿ ಬಂತು. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ ಹೋಗಿ ಹೊಸ ಕಾನೂನು ಬಂತು. 2025ರ ಫೆಬ್ರವರಿಯಲ್ಲಿ ಸಾಲ ವಸೂಲಿ ಕಿರುಕುಳ ತಡೆಯಲು ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆಯೇ ಹೊರಟಿತು. ಆದರೂ ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ಜನ ಇನ್ನೂ ಹಳೆಯ ಕಾನೂನಿಗೇ ಹೆದರುತ್ತಿದ್ದಾರೆ. ಅದಕ್ಕೇ ಬುಡದಿಂದ ಶುರು ಮಾಡೋಣ.

ಅದಕ್ಕೂ ಮುಂಚೆ ಒಂದು ಮಾತು. ಇದನ್ನು ಓದುತ್ತಿರುವ ನಿಮಗೇ ಮನಸ್ಸು ತುಂಬಾ ಭಾರವಾಗಿದ್ದರೆ, ಬದುಕು ಸಾಕು ಅನ್ನಿಸುತ್ತಿದ್ದರೆ, ಲೇಖನ ಆಮೇಲೆ ಓದಬಹುದು. ಈಗಲೇ 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಕೇಸ್ ಆಗುತ್ತಾ?

ಬ್ರಿಟಿಷರು 1860ರಲ್ಲಿ ಮಾಡಿದ ಭಾರತೀಯ ದಂಡ ಸಂಹಿತೆಯ 309ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಯತ್ನಿಸುವುದು ಅಪರಾಧವಾಗಿತ್ತು. ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಬದುಕೇ ಬೇಡ ಅನ್ನಿಸಿದವರಿಗೆ ಜೈಲಿನ ಹೆದರಿಕೆ ತೋರಿಸುವ ಈ ಕಲಂ ತೆಗೆಯಬೇಕು ಅಂತ ಕಾನೂನು ಆಯೋಗ 1971ರಲ್ಲೇ ಹೇಳಿತ್ತು. 2008ರಲ್ಲಿ ಮತ್ತೆ ಹೇಳಿತು. 1994ರಲ್ಲಿ ಸುಪ್ರೀಂ ಕೋರ್ಟ್ ಈ ಕಲಂ ಅನ್ನು ರದ್ದು ಮಾಡಿತ್ತು. ಆದರೆ ಎರಡೇ ವರ್ಷಕ್ಕೆ, 1996ರಲ್ಲಿ, ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಮತ್ತೆ ಊರ್ಜಿತಗೊಳಿಸಿತು. ಹೀಗೆ ಹಗ್ಗಜಗ್ಗಾಟ ನಡೆದೇ ಇತ್ತು.

ನಿಜವಾದ ಬದಲಾವಣೆ ಬಂದದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಿಂದ. ಇದು ಜಾರಿಯಾದದ್ದು 2018ರ ಮೇ ತಿಂಗಳಲ್ಲಿ. ಇದರ 115ನೇ ಕಲಂ ಎರಡು ಮಾತು ಹೇಳುತ್ತದೆ. ಬೇರೆ ರೀತಿ ಸಾಬೀತಾಗದ ಹೊರತು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಅವರನ್ನು ವಿಚಾರಣೆಗೆ ಗುರಿಮಾಡಿ ಶಿಕ್ಷಿಸುವ ಹಾಗಿಲ್ಲ. ಇದು ಮೊದಲನೆಯದು. ಅಂಥವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಟ್ಟು ಮತ್ತೆ ಹಾಗಾಗದಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ. ಇದು ಎರಡನೆಯದು. ಜನರಿಗೆ ಅಷ್ಟಿಷ್ಟು ಗೊತ್ತಿರುವುದು ಮೊದಲ ಮಾತು ಮಾತ್ರ. ಎರಡನೆಯದನ್ನು ಹಕ್ಕಿನಿಂದ ಕೇಳುವವರು ಬಹಳ ಕಡಿಮೆ. ನನಗಂತೂ ಇಡೀ ಕಾಯ್ದೆಯಲ್ಲಿ ಅದೇ ಮುಖ್ಯ ಅನ್ನಿಸುತ್ತದೆ.

2024ರಲ್ಲಿ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309ನೇ ಕಲಂ ಇಲ್ಲವೇ ಇಲ್ಲ. ಒಂದು ಸಣ್ಣ ತುಂಡು ಮಾತ್ರ 226ನೇ ಕಲಂ ಆಗಿ ಉಳಿದಿದೆ: ಸರ್ಕಾರಿ ನೌಕರರನ್ನು ಅವರ ಕೆಲಸ ಮಾಡದಂತೆ ತಡೆಯಲು, ಅಥವಾ ಅವರ ಮೇಲೆ ಒತ್ತಡ ಹೇರಿ ಕೆಲಸ ಮಾಡಿಸಿಕೊಳ್ಳಲು ಯಾರಾದರೂ ಆತ್ಮಹತ್ಯೆಗೆ ಯತ್ನಿಸಿದರೆ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಸಮುದಾಯ ಸೇವೆ. ತಾಲ್ಲೂಕು ಕಚೇರಿ ಮುಂದೆ ಜಮೀನು ವ್ಯಾಜ್ಯಕ್ಕೆ ಬೇಸತ್ತು ನಿಂತ ರೈತನಿಗೂ ಇದನ್ನು ಹಚ್ಚಬಹುದಲ್ಲವೇ ಎಂಬ ಆತಂಕ ಹಲವರಿಗಿದೆ. ಇನ್ನೊಬ್ಬರನ್ನು ಆತ್ಮಹತ್ಯೆಗೆ ದೂಡುವುದು ಮಾತ್ರ ಮೊದಲಿನ ಹಾಗೆಯೇ ದೊಡ್ಡ ಅಪರಾಧ. 108ನೇ ಕಲಂ ಪ್ರಕಾರ 10 ವರ್ಷದವರೆಗೆ ಶಿಕ್ಷೆ.

ಹಾಗಾದರೆ ಆಸ್ಪತ್ರೆಯಲ್ಲಿ ಇನ್ನೂ "ಎಂಎಲ್‌ಸಿ" ಅಂತ ಬರೆಯುವುದು ಯಾಕೆ? ಎಂಎಲ್‌ಸಿ ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ ಎಂಬ ದಾಖಲೆ, ಅಷ್ಟೇ. ನಡೆದದ್ದರ ಹಿಂದೆ ಬೇರೆಯವರ ಕೈವಾಡ ಇದೆಯೇ ಅಂತ ನೋಡಲು ಅದು ಬೇಕು. ಅದು ರೋಗಿಯ ಮೇಲಿನ ಕೇಸ್ ಅಲ್ಲ. ಚಿಕಿತ್ಸೆ ಮೊದಲು, ಕಾಗದಪತ್ರ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಸರ್ಕಾರಿ ಇರಲಿ, ಖಾಸಗಿ ಇರಲಿ, "ಇದು ಪೊಲೀಸ್ ಕೇಸು, ಮುಂದಕ್ಕೆ ಕರ್ಕೊಂಡು ಹೋಗಿ" ಅಂತ ಬಾಗಿಲಲ್ಲೇ ಸಾಗಹಾಕುವ ಹಾಗಿಲ್ಲ.

ಲೆಕ್ಕ ಎಲ್ಲಿಂದ ಬರುತ್ತದೆ

ನಾವು ಪತ್ರಿಕೆಯಲ್ಲಿ ಓದುವ ಅಂಕಿಗಳನ್ನು ಕೊಡುವುದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ. ಅದಕ್ಕೆ ಅಂಕಿ ಹೋಗುವುದು ಪೊಲೀಸ್ ಠಾಣೆಗಳಿಂದ. ಅಸಹಜ ಸಾವು ಅಂತ ಠಾಣೆಯಲ್ಲಿ ಯುಡಿಆರ್ ದಾಖಲಾದರೆ ಮಾತ್ರ ಸಾವು ಲೆಕ್ಕಕ್ಕೆ ಸೇರುತ್ತದೆ.

2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು ಅಂತ ಈ ಲೆಕ್ಕ ಹೇಳುತ್ತದೆ. ಕರ್ನಾಟಕದಲ್ಲಿ 13,606 ಜನ. ದೇಶದಲ್ಲಿ ಲಕ್ಷ ಜನರಿಗೆ 12.4 ಇದ್ದರೆ ನಮ್ಮ ರಾಜ್ಯದಲ್ಲಿ ಸುಮಾರು 20. ನಮ್ಮದು ಜಾಸ್ತಿ ಅನ್ನುವುದಂತೂ ಸ್ಪಷ್ಟ. ಆದರೆ ಕಡಿಮೆ ಅಂಕಿ ತೋರಿಸುವ ರಾಜ್ಯಗಳೆಲ್ಲ ನೆಮ್ಮದಿಯಾಗಿವೆ ಅಂತಲೂ ಅಲ್ಲ. ಕೆಲವು ಕಡೆ ಸರಿಯಾಗಿ ಬರೆಯುವುದೇ ಇಲ್ಲ. 2010ರಲ್ಲಿ ಪೊಲೀಸ್ ಲೆಕ್ಕ ಸುಮಾರು 1.35 ಲಕ್ಷ ಇತ್ತು. ಅದೇ ವರ್ಷದ ಬಗ್ಗೆ, ಮನೆಮನೆಗೆ ಹೋಗಿ ಸಾವಿನ ಕಾರಣ ವಿಚಾರಿಸಿ ನಡೆಸಿದ ದೊಡ್ಡ ಅಧ್ಯಯನವೊಂದು ಸುಮಾರು 1.87 ಲಕ್ಷ ಎಂದು ಅಂದಾಜಿಸಿತು. ನಡುವಿನ ಐವತ್ತು ಸಾವಿರ ಜನ ಎಲ್ಲಿ ಹೋದರು? "ಹೊಟ್ಟೆನೋವು", "ಕಾಲು ಜಾರಿ ಬಿದ್ದದ್ದು" ಅಂತ ಮನೆಯ ಮಾನಕ್ಕೆ ಅಂಜಿ ಹೇಳಿದ ಮಾತುಗಳ ಕೆಳಗೆ ಮುಚ್ಚಿಹೋದರು.

ಲೆಕ್ಕದಲ್ಲಿ ಯಾರಿಗೆ ಯಾವ ಹೆಸರು ಕೊಡುತ್ತಾರೆ ಎಂಬುದೂ ಸಣ್ಣ ವಿಷಯ ಅಲ್ಲ. 2022ರಲ್ಲಿ ಕೃಷಿಯನ್ನು ನಂಬಿದವರು 11,290 ಜನ ತೀರಿಕೊಂಡರು ಅನ್ನುತ್ತದೆ ವರದಿ. ಅದರಲ್ಲಿ ರೈತರಿಗಿಂತ ಕೃಷಿ ಕಾರ್ಮಿಕರೇ ಜಾಸ್ತಿ. ದಿನಗೂಲಿ ಮಾಡುವವರದು ಬೇರೆಯದೇ ಪಟ್ಟಿ. ಒಟ್ಟು ಸಾವುಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಅವರದೇ. ಸತ್ತ ಮಹಿಳೆಯರಲ್ಲಿ ಸುಮಾರು ಅರ್ಧ ಜನರನ್ನು "ಗೃಹಿಣಿ" ಅಂತ ಬರೆಯಲಾಗಿದೆ. ಶಿಡ್ಲಘಟ್ಟದ ಕಡೆ ಹೊತ್ತು ಹುಟ್ಟುವ ಮೊದಲೇ ಎದ್ದು ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳ ಮೇಯಿಸಿ, ಹಸು ಹಾಲು ಕರೆದು ಡೇರಿಗೆ ಹಾಕುವ ಹೆಂಗಸಿನ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಪಹಣಿ ಗಂಡನ ಹೆಸರಲ್ಲೋ ಮಾವನ ಹೆಸರಲ್ಲೋ ಇರುತ್ತದೆ. ಹಾಗಾಗಿ ಅವಳ ಕಷ್ಟ ಕೃಷಿಯ ಕಷ್ಟ ಅಂತ ಯಾರ ಲೆಕ್ಕಕ್ಕೂ ಬರುವುದಿಲ್ಲ. ಲೆಕ್ಕಕ್ಕೆ ಬಾರದವರಿಗೆ ಯೋಜನೆಯೂ ಬರುವುದಿಲ್ಲ.

ಒಬ್ಬರ ಮನಸ್ಸಿನ ವಿಷಯಕ್ಕೆ ಸರ್ಕಾರ ಯಾಕೆ?

"ಅವನಿಗೆ ಧೈರ್ಯ ಸಾಲಲಿಲ್ಲ" ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಹೆದ್ದಾರಿಯ ಒಂದೇ ತಿರುವಿನಲ್ಲಿ ಮತ್ತೆ ಮತ್ತೆ ಗಾಡಿ ಪಲ್ಟಿಯಾದರೆ ಏನು ಮಾಡುತ್ತೇವೆ? ಮೊದಲನೇ ಸಲ ಡ್ರೈವರನ್ನು ಬೈಯುತ್ತೇವೆ. ಹತ್ತನೇ ಸಲಕ್ಕೆ ಹಂಪ್ ಹಾಕಿ, ಲೈಟ್ ಹಾಕಿ, ತಡೆಗೋಡೆ ಕಟ್ಟಿ ಅಂತ ಇಲಾಖೆಯನ್ನು ಕೇಳುತ್ತೇವೆ. ಡ್ರೈವರ್ ಹುಷಾರಾಗಿರಬೇಕು ಅನ್ನುವುದು ಸುಳ್ಳಲ್ಲ. ಆದರೆ ತಿರುವು ಸರಿ ಮಾಡಿದರೆ ಎಲ್ಲ ಡ್ರೈವರುಗಳೂ ಉಳಿಯುತ್ತಾರೆ. ಆತ್ಮಹತ್ಯೆ ತಡೆಯುವ ನೀತಿ ಅಂದರೆ ಇಂಥ ತಿರುವುಗಳನ್ನು ಹುಡುಕಿ ಸರಿಪಡಿಸುವ ಕೆಲಸ.

ಯಾವ ಆತ್ಮಹತ್ಯೆಗೂ ಒಂದೇ ಕಾರಣ ಇರುವುದಿಲ್ಲ. ಪೊಲೀಸ್ ದಾಖಲೆಯಲ್ಲಿ ಕಾರಣಕ್ಕೆ ಒಂದೇ ಮನೆ ಇರುತ್ತದೆ. ಅದರಲ್ಲಿ "ಕೌಟುಂಬಿಕ ಸಮಸ್ಯೆ" ಅಂತಲೋ "ಅನಾರೋಗ್ಯ" ಅಂತಲೋ ತುಂಬುತ್ತಾರೆ. 2022ರಲ್ಲಿ ಈ ಎರಡೇ ಸೇರಿ ಅರ್ಧದಷ್ಟು. ಆದರೆ ಆ ಕೌಟುಂಬಿಕ ಸಮಸ್ಯೆಯ ಒಳಗೆ ಏನಿರುತ್ತದೆ? ಖಿನ್ನತೆ ಇರಬಹುದು, ಕುಡಿತ ಇರಬಹುದು, ಹೊಡೆತ ಇರಬಹುದು, ಸಾಲ ಇರಬಹುದು. ಹೆಚ್ಚಿನ ಸಲ ಇವು ಒಂದರ ಮೇಲೊಂದು ಪೇರಿರುತ್ತವೆ. 2002ರಲ್ಲಿ ಕರ್ನಾಟಕದ ರೈತರ ಆತ್ಮಹತ್ಯೆಗಳ ಬಗ್ಗೆ ಡಾ. ಜಿ.ಕೆ. ವೀರೇಶ್ ಸಮಿತಿ ವರದಿ ಕೊಟ್ಟಾಗ ಇದೇ ದೊಡ್ಡ ಜಗಳವಾಯಿತು. ಸಮಿತಿ ಕುಡಿತ, ಸಂಸಾರದ ತಾಪತ್ರಯ ಮುಂತಾದ ಹಲವು ಕಾರಣಗಳನ್ನು ಪಟ್ಟಿ ಮಾಡಿತ್ತು. ಸಾಲ ಮತ್ತು ಬೆಲೆ ಕುಸಿತದಿಂದ ಗಮನ ಬೇರೆಡೆ ತಿರುಗಿಸುತ್ತಿದ್ದೀರಿ ಅಂತ ರೈತಪರ ದನಿಗಳು ತಿರುಗಿಬಿದ್ದವು. ಆ ವಾದ ಇವತ್ತಿಗೂ ಮುಗಿದಿಲ್ಲ. ಕಾರಣ ಯಾವುದು ಅಂತ ಒಪ್ಪಿಕೊಳ್ಳುತ್ತೀರೋ, ಜವಾಬ್ದಾರಿ ಆ ಇಲಾಖೆಗೆ ಬೀಳುತ್ತದೆ. ಇದು ರಾಜಕೀಯವಾಗುವುದು ಇಲ್ಲೇ.

ಕುಡಿತವನ್ನೇ ನೋಡಿ. ಅತಿಯಾದ ಕುಡಿತ ಆತ್ಮಹತ್ಯೆಯ ಅಪಾಯ ಹೆಚ್ಚಿಸುತ್ತದೆ ಎಂಬುದರಲ್ಲಿ ವೈದ್ಯರಿಗೆ ಅನುಮಾನ ಇಲ್ಲ. ಆದರೆ ರಾಜ್ಯಕ್ಕೆ ಅಬಕಾರಿಯಿಂದ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ವರಮಾನ ಬರುತ್ತದೆ. ಆರೋಗ್ಯ ಇಲಾಖೆ ಒಂದು ಕಡೆ ಎಳೆದರೆ ಹಣಕಾಸು ಇಲಾಖೆ ಇನ್ನೊಂದು ಕಡೆ ಎಳೆಯುತ್ತದೆ.

ಸಂಘದ ಸಾಲ, ವಾರದ ಕಂತು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಸಾಲ ಬೆಳೆಯುವ ದಾರಿ ಗೊತ್ತಿರುವುದೇ. ಕೋಲಾರ, ಚಿಕ್ಕಬಳ್ಳಾಪುರಕ್ಕೆ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಬೋರ್ ಕೊರೆಸಬೇಕು. ಸಾವಿರ ಅಡಿ ದಾಟಿದರೂ ನೀರು ಬೀಳದಿದ್ದರೆ ಇನ್ನೊಂದು ಪಾಯಿಂಟ್, ಇನ್ನೊಂದು ಸಾಲ. ಬೆಳೆ ಬಂದರೂ ಬೆಲೆ ಗ್ಯಾರಂಟಿ ಇಲ್ಲ. 2023ರ ಜುಲೈನಲ್ಲಿ ಕೋಲಾರ ಮಂಡಿಯಲ್ಲಿ 15 ಕೆಜಿಯ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಅದನ್ನು ನೋಡಿ ಸಾಲ ಮಾಡಿ ನಾಟಿ ಹಾಕಿದವರು ಎಷ್ಟೋ ಜನ. ಕೆಲವೇ ತಿಂಗಳಲ್ಲಿ ಬೆಲೆ ನೆಲಕ್ಕೆ ಬಿತ್ತು.

ಬ್ಯಾಂಕ್ ಸಾಲ ಸಿಗುವುದು ಪಹಣಿ ಇದ್ದವರಿಗೆ. ಇಲ್ಲದವರಿಗೆ, ಅದರಲ್ಲೂ ಹೆಂಗಸರಿಗೆ, ಬೇಗ ಸಿಗುವುದು ಮೈಕ್ರೋ ಫೈನಾನ್ಸ್. ಅಡ ಇಡಬೇಕಿಲ್ಲ. ಹತ್ತು ಹದಿನೈದು ಜನ ಗುಂಪಾದರೆ ಸಾಕು. ಯಾರದೋ ಮನೆ ಜಗಲಿ ಮೇಲೆ ವಾರಕ್ಕೊಮ್ಮೆ ಸೇರುತ್ತಾರೆ. ಕಂಪನಿಯ ಹುಡುಗ ಬೈಕಿನಲ್ಲಿ ಬಂದು ಪುಸ್ತಕ ತೆರೆಯುತ್ತಾನೆ. ಒಬ್ಬರ ಕಂತು ಬರದಿದ್ದರೆ ಉಳಿದವರು ತುಂಬಬೇಕು. ದುಡ್ಡು ಸೇರುವವರೆಗೆ ಯಾರೂ ಏಳುವಂತಿಲ್ಲ. ಕೂಲಿಗೆ ಹೋಗಬೇಕಾದವರು ಗೊಣಗುತ್ತಾರೆ, ಒಲೆ ಮೇಲೆ ಅನ್ನ ಇಟ್ಟು ಬಂದವರು ಸಿಡುಕುತ್ತಾರೆ. ಕಂತು ಕಟ್ಟಲಾಗದವಳು ಸಾಲ ಕೊಟ್ಟವನ ಮುಂದೆ ಮಾತ್ರ ತಲೆ ತಗ್ಗಿಸುವುದಿಲ್ಲ. ದಿನಾ ನೀರಿಗೆ ಹೋಗುವಾಗ ಜೊತೆಯಾಗುವ ಅಕ್ಕಂದಿರ ಮುಂದೆಯೇ ತಗ್ಗಿಸಬೇಕಾಗುತ್ತದೆ. ಈ ವ್ಯವಸ್ಥೆಯಲ್ಲಿ ಕಂಪನಿಗೆ ಅಡ ಬೀಳುವುದು ಅವಳ ಮಾನ. ಒಂದು ಸಂಘದ ಕಂತು ತುಂಬಲು ಇನ್ನೊಂದು ಸಂಘದಲ್ಲಿ ಸಾಲ, ಅದಕ್ಕೆ ಕೈಸಾಲ, ಕೊನೆಗೆ ಮೀಟರ್ ಬಡ್ಡಿ.

ಇದಕ್ಕೆ ನಿಯಮಗಳು ಇಲ್ಲದೆ ಇಲ್ಲ. ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನಿಂದ ಜಾರಿಗೆ ತಂದ ನಿರ್ದೇಶನದ ಪ್ರಕಾರ, ಒಂದು ಕುಟುಂಬ ತಿಂಗಳಿಗೆ ಕಟ್ಟುವ ಎಲ್ಲ ಸಾಲದ ಕಂತುಗಳು ಸೇರಿ ಅದರ ತಿಂಗಳ ಆದಾಯದ ಅರ್ಧ ದಾಟುವ ಹಾಗಿಲ್ಲ. ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡುವಂತಿಲ್ಲ. ಬೆದರಿಸುವಂತಿಲ್ಲ, ಬೈಯುವಂತಿಲ್ಲ, ನೆಂಟರಿಗೆ ನೆರೆಯವರಿಗೆ ಕಾಟ ಕೊಡುವಂತಿಲ್ಲ.

2025ರ ಜನವರಿ ಹೊತ್ತಿಗೆ ವಸೂಲಿ ಕಿರುಕುಳದ ದೂರುಗಳು ರಾಜ್ಯದ ಹಲವು ಜಿಲ್ಲೆಗಳಿಂದ ಬಂದವು. ಊರು ಬಿಟ್ಟು ಹೋದ ಕುಟುಂಬಗಳ, ಆತ್ಮಹತ್ಯೆಗಳ ಸುದ್ದಿ ಬಂತು. ಸರ್ಕಾರ ಸುಗ್ರೀವಾಜ್ಞೆ ತಯಾರಿಸಿತು. ರಾಜ್ಯಪಾಲರು ಅದನ್ನು ಮೊದಲು ವಾಪಸ್ ಕಳಿಸಿದರು. ಶಿಕ್ಷೆ ತೀರಾ ಜಾಸ್ತಿ, ಇರುವ ಕಾನೂನುಗಳೇ ಸಾಕಲ್ಲವೇ ಎಂಬುದು ಅವರ ಆಕ್ಷೇಪಗಳಲ್ಲಿ ಸೇರಿತ್ತು. ಸರ್ಕಾರ ವಿವರಣೆ ಕೊಟ್ಟ ಮೇಲೆ ಫೆಬ್ರವರಿ 12ರಂದು ಅದು ಜಾರಿಯಾಯಿತು. ಮುಂದಿನ ತಿಂಗಳು ವಿಧಾನಮಂಡಲ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ನೋಂದಣಿ ಇಲ್ಲದೆ ಸಾಲ ಕೊಡುವವರ ಮೇಲೆ ಕಡಿವಾಣ.

ಇದು ಎಲ್ಲ ಸಾಲವನ್ನೂ ಮನ್ನಾ ಮಾಡುವ ಕಾನೂನು ಅಲ್ಲ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಯಿಂದ ಪಡೆದ ಸಾಲ ಕಟ್ಟಲೇಬೇಕು. ಅಂಥ ಸಾಲವನ್ನು ಕೇಳುವ ರೀತಿಗೆ ಮಾತ್ರ ಈ ಕಾನೂನು ಮಿತಿ ಹಾಕಿದೆ. ಇನ್ನೊಂದು ಚಿಂತೆಯೂ ಉಂಟು: ಹೆದರಿದ ಕಂಪನಿಗಳು ಸಾಲ ಕೊಡುವುದನ್ನೇ ನಿಲ್ಲಿಸಿದರೆ ಜನ ಮತ್ತೆ ಮೀಟರ್ ಬಡ್ಡಿಯವರ ಬಾಗಿಲಿಗೇ ಹೋಗುತ್ತಾರೆ. ಹಾಗಾಗಿ ವಸೂಲಿಗೆ ಕಡಿವಾಣ ಹಾಕುವುದರ ಜೊತೆಗೆ ಕಡಿಮೆ ಬಡ್ಡಿ ಸಾಲದ ದಾರಿಯೂ ತೆರೆದಿರಬೇಕು.

ಬಡತನಕ್ಕೆ ಆಸರೆ ಸಿಕ್ಕರೆ ಆತ್ಮಹತ್ಯೆ ನಿಜಕ್ಕೂ ಕಡಿಮೆಯಾಗುತ್ತದೆಯೇ? ಇಂಡೋನೇಷ್ಯಾದಲ್ಲಿ ಬಡ ಕುಟುಂಬಗಳಿಗೆ ಸರ್ಕಾರ ನಗದು ಕೊಡಲು ಶುರು ಮಾಡಿದ ಮೇಲೆ ಅಲ್ಲಿನ ಆತ್ಮಹತ್ಯೆ ಪ್ರಮಾಣ ಸುಮಾರು 18 ಶೇಕಡಾ ತಗ್ಗಿತು ಅಂತ 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಆ ಯೋಜನೆಯ ಹೆಸರಿನಲ್ಲಿ ಮಾನಸಿಕ ಆರೋಗ್ಯ ಎಂಬ ಮಾತೇ ಇರಲಿಲ್ಲ.

ಹೊಲದ ಔಷಧಿ ಯಾರ ಕೈಗೆ ಸಿಗುತ್ತದೆ

ಜನರಿಗೆ ನಂಬಲು ಕಷ್ಟವಾದರೂ ಪುರಾವೆ ಅತಿ ಗಟ್ಟಿಯಾಗಿರುವ ವಿಷಯ ಇದು. ಸಾಯಬೇಕು ಎಂಬ ತೀವ್ರ ತುಡಿತ ಹೆಚ್ಚಿನವರಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ. ಒಂದು ಅಲೆಯ ಹಾಗೆ ಏರಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. "ಇದಲ್ಲದಿದ್ದರೆ ಇನ್ನೊಂದು ಹುಡುಕ್ತಾರೆ ಬಿಡಿ" ಎಂಬ ಮಾತು ಬಹುಪಾಲು ಜನರ ವಿಷಯದಲ್ಲಿ ನಿಜವಲ್ಲ. ಒಮ್ಮೆ ಉಳಿದವರಲ್ಲಿ ಹೆಚ್ಚಿನವರು ಮುಂದೆಯೂ ಬದುಕುತ್ತಾರೆ.

ಶ್ರೀಲಂಕಾ ಇದಕ್ಕೆ ದೊಡ್ಡ ಸಾಕ್ಷಿ. 1990ರ ದಶಕದಲ್ಲಿ ಅಲ್ಲಿನ ಆತ್ಮಹತ್ಯೆ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಸರ್ಕಾರ ಅತಿ ವಿಷಕಾರಿ ಕೀಟನಾಶಕಗಳನ್ನು 1995ರಿಂದ ಹಂತಹಂತವಾಗಿ ನಿಷೇಧಿಸುತ್ತಾ ಬಂತು. ಎರಡು ದಶಕದಲ್ಲಿ ಆತ್ಮಹತ್ಯೆ ಸುಮಾರು 70 ಶೇಕಡಾ ಇಳಿಯಿತು. ಸುಮಾರು 93 ಸಾವಿರ ಜೀವ ಉಳಿದವು ಎಂಬ ಅಂದಾಜಿದೆ. ಆ ನಿಷೇಧಗಳಿಂದ ಬೆಳೆ ಇಳುವರಿ ಕುಸಿಯಲಿಲ್ಲ. ಅಷ್ಟು ವಿಷವಲ್ಲದ ಬೇರೆ ಔಷಧಿಗಳು ಇದ್ದೇ ಇದ್ದವು.

ನಮ್ಮಲ್ಲಿ? 2018ರಲ್ಲಿ ಕೇಂದ್ರ ಸರ್ಕಾರ 18 ಕೀಟನಾಶಕಗಳನ್ನು ನಿಷೇಧಿಸುವ ಆದೇಶ ಹೊರಡಿಸಿತು. 2020ರಲ್ಲಿ ಇನ್ನೂ 27 ನಿಷೇಧಿಸುವ ಕರಡು ಬಂತು. ಕಂಪನಿಗಳು ವಿರೋಧಿಸಿದವು, ಮರುಪರಿಶೀಲನೆ ನಡೆಯಿತು, 2023ರ ಆದೇಶದಲ್ಲಿ ಪೂರ್ತಿ ನಿಷೇಧಕ್ಕೆ ಒಳಗಾದದ್ದು ಬರೀ 3. ರಾಜ್ಯ ಸರ್ಕಾರವೇ ನಿಷೇಧಿಸಬಹುದಲ್ಲ ಅಂತ ಕೇಳಬಹುದು. 1968ರ ಕೀಟನಾಶಕ ಕಾಯ್ದೆ ರಾಜ್ಯಕ್ಕೆ ಕೊಟ್ಟಿರುವುದು 60 ದಿನಗಳ ತಾತ್ಕಾಲಿಕ ತಡೆಯ ಅಧಿಕಾರ, ಹೆಚ್ಚೆಂದರೆ ಇನ್ನೊಂದು 30 ದಿನ. ಆಸ್ಪತ್ರೆಯ ಹಾಸಿಗೆಯ ಖರ್ಚು ರಾಜ್ಯದ್ದು, ನಿಷೇಧದ ಅಧಿಕಾರ ಕೇಂದ್ರದ್ದು.

ನಿಷೇಧ ಬರುವವರೆಗೆ ಊರಿನ ಮಟ್ಟದಲ್ಲಿ ಮಾಡಬಹುದಾದ ಕೆಲಸವೂ ಇದೆ. ತಮಿಳುನಾಡಿನ ಕಡಲೂರು ಜಿಲ್ಲೆಯ ಕಾಟ್ಟುಮನ್ನಾರ್‌ಕೋಯಿಲ್ ಭಾಗದ ಹಳ್ಳಿಗಳಲ್ಲಿ ಆತ್ಮಹತ್ಯೆ ತಡೆಗೆ ಕೆಲಸ ಮಾಡುವ ಚೆನ್ನೈನ ಸ್ನೇಹಾ ಸಂಸ್ಥೆಯ ಡಾ. ಲಕ್ಷ್ಮೀ ವಿಜಯಕುಮಾರ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದರು. ಊರಿಗೊಂದು ಕಟ್ಟಡ, ಅದರಲ್ಲಿ ಪ್ರತಿ ರೈತನಿಗೂ ಒಂದು ಲಾಕರ್. ಹೊಲಕ್ಕೆ ಹೊಡೆಯುವ ಔಷಧಿ ಮನೆಗೆ ಹೋಗದೆ ಅಲ್ಲೇ ಇರುತ್ತಿತ್ತು. ರೈತರು ಇದನ್ನು ಒಪ್ಪಿಕೊಂಡರು. ಮಕ್ಕಳ ಕೈಗೂ ಸಿಗುವುದಿಲ್ಲ ಅಂತ ಹೆಂಗಸರಿಗಂತೂ ನಿರಾಳವಾಯಿತು. ನಮ್ಮಲ್ಲೂ ಔಷಧಿ ಡಬ್ಬ ಇರುವುದು ಅಟ್ಟದ ಮೇಲೋ ದನದ ಕೊಟ್ಟಿಗೆಯ ಗೂಡಿನಲ್ಲೋ. ಅದನ್ನು ಮನೆಯಿಂದ ಆಚೆ, ಬೀಗ ಹಾಕಿದ ಜಾಗಕ್ಕೆ ಸಾಗಿಸಲು ಕಾನೂನು ಬೇಕಿಲ್ಲ. ಬೇಕಾದಷ್ಟೇ ತಂದು ಮುಗಿಸುವುದು ಇನ್ನೂ ಒಳ್ಳೆಯದು.

ಫೇಲ್ ಆದವರಿಗೆ ಎರಡನೇ ಬಾಗಿಲು

ಪರೀಕ್ಷಾ ಪದ್ಧತಿಯೂ ಆತ್ಮಹತ್ಯೆ ತಡೆಯ ಭಾಗವೇ. 2023-24ರಲ್ಲಿ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಪದ್ಧತಿ ಬಂತು; ಆಗ ಪರೀಕ್ಷೆ 1, 2, 3 ಅಂತ ಮೂರು ಅವಕಾಶಗಳಿದ್ದವು. ಯಾವುದರಲ್ಲಿ ಅಂಕ ಜಾಸ್ತಿಯೋ ಅದನ್ನೇ ಉಳಿಸಿಕೊಳ್ಳಬಹುದು. ಫಲಿತಾಂಶದ ದಿನ ಹದಿನಾರು ವರ್ಷದ ಮಗುವಿಗೆ "ಒಂದು ವರ್ಷ ಹೋಯ್ತು" ಅನ್ನಿಸುವುದಕ್ಕೂ "ಮುಂದಿನ ತಿಂಗಳು ಬರೀಬಹುದು" ಅನ್ನಿಸುವುದಕ್ಕೂ ಬಹಳ ವ್ಯತ್ಯಾಸ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ನಿರ್ದೇಶನ ಕೊಟ್ಟಿದೆ: 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕು. ಕೋಚಿಂಗ್ ಸೆಂಟರುಗಳಿಗೂ ಇದು ಅನ್ವಯ. ನಿಮ್ಮ ಮಕ್ಕಳ ಕಾಲೇಜಿನಲ್ಲಿ ಇದ್ದಾರಾ ಅಂತ ಪೋಷಕರ ಸಭೆಯಲ್ಲಿ ಕೇಳಬಹುದು.

ಮಂಗಳವಾರದ ಡಾಕ್ಟರು

ಮಾನಸಿಕ ಚಿಕಿತ್ಸೆ ಅಂದ ಕೂಡಲೇ ನಮಗೆ ನೆನಪಾಗುವುದು ಬೆಂಗಳೂರಿನ ನಿಮ್ಹಾನ್ಸ್. ಮಧುಗಿರಿಯಿಂದಲೋ ಶ್ರೀನಿವಾಸಪುರದಿಂದಲೋ ಹೊರಟರೆ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಂದವರದೂ ಹೋಯಿತು. ಈ ಕಷ್ಟ ನಿಮ್ಹಾನ್ಸ್‌ನವರಿಗೂ ಗೊತ್ತಿತ್ತು. 1980ರ ದಶಕದಲ್ಲೇ ಅವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೇ ತರಬೇತಿ ಕೊಟ್ಟು ನೋಡಿದರು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ಕರ್ನಾಟಕ 2014ರಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮ ತಂದು, ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೇ ಮನೋವೈದ್ಯರು ಬರುವ ಏರ್ಪಾಡು ಮಾಡಿತು.

ತುಮಕೂರು ಜಿಲ್ಲೆಯ ತುರುವೇಕೆರೆಯದ್ದು ಇನ್ನೂ ಒಂದು ಹೆಜ್ಜೆ ಮುಂದಿನ ಕತೆ. ನಿಮ್ಹಾನ್ಸ್ ಮತ್ತು ಸ್ಥಳೀಯ ಆರೋಗ್ಯ ಇಲಾಖೆ ಸೇರಿ ಅಲ್ಲಿ ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ಹಳ್ಳಿಯಲ್ಲೇ ಗುರುತಿಸಿ, ಊರ ಹತ್ತಿರವೇ ಔಷಧಿ ಕೊಡುತ್ತಾ ವರ್ಷಗಟ್ಟಲೆ ಬೆನ್ನಿಗೆ ನಿಂತರು. ಇದರಲ್ಲಿ ಆಶಾ ಕಾರ್ಯಕರ್ತೆಯರ ಪಾಲು ದೊಡ್ಡದು. ಯಾವ ಮನೆಯಲ್ಲಿ ಯಾರು ಮಾತು ಬಿಟ್ಟಿದ್ದಾರೆ, ಯಾರು ಮಾತ್ರೆ ನಿಲ್ಲಿಸಿದ್ದಾರೆ ಅಂತ ಅವರಿಗೆ ಗೊತ್ತಿರುವಷ್ಟು ಯಾವ ಡಾಕ್ಟರಿಗೂ ಗೊತ್ತಾಗುವುದಿಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಗೂ ಮೊದಲು ಪ್ರಾಯೋಗಿಕ ಸಮೀಕ್ಷೆ ನಡೆದದ್ದು ನಮ್ಮ ಕೋಲಾರದಲ್ಲೇ. ಖಿನ್ನತೆ, ಆತಂಕದಂಥ ಸಾಮಾನ್ಯ ಕಾಯಿಲೆ ಇರುವ ನೂರು ಜನರಲ್ಲಿ ಸುಮಾರು 85 ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಅಂತ ಆ ರಾಷ್ಟ್ರೀಯ ಸಮೀಕ್ಷೆ ಹೇಳಿತು.

2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಈ ಅಂತರ ತುಂಬುವ ಒಂದು ಪ್ರಯತ್ನ. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಾಡುತ್ತಾರೆ. ಬೇಕಿದ್ದರೆ ಮನೋವೈದ್ಯರಿಗೆ ಜೋಡಿಸುತ್ತಾರೆ, ಹತ್ತಿರದ ಆಸ್ಪತ್ರೆಯ ದಾರಿ ಹೇಳುತ್ತಾರೆ.

ರಾಷ್ಟ್ರೀಯ ನೀತಿ ಏನು ಹೇಳುತ್ತದೆ

2022ರ ನವೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಬಿಡುಗಡೆ ಮಾಡಿದ ಕಾರ್ಯನೀತಿಯ ಗುರಿ ಒಂದೇ ಸಾಲಿನದು: 2020ಕ್ಕೆ ಹೋಲಿಸಿದರೆ 2030ರ ಹೊತ್ತಿಗೆ ಆತ್ಮಹತ್ಯೆ ಸಾವುಗಳನ್ನು 10 ಶೇಕಡಾ ಇಳಿಸುವುದು. ಅದಕ್ಕೆ ಮೂರು ವರ್ಷದೊಳಗೆ ಸರಿಯಾದ ನಿಗಾ ವ್ಯವಸ್ಥೆ, ಐದು ವರ್ಷದೊಳಗೆ ಎಲ್ಲ ಜಿಲ್ಲೆಗಳಲ್ಲಿ ಮಾನಸಿಕ ಆರೋಗ್ಯ ಹೊರರೋಗಿ ವಿಭಾಗ, ಎಂಟು ವರ್ಷದೊಳಗೆ ಶಿಕ್ಷಣ ಸಂಸ್ಥೆಗಳಲ್ಲಿ ಮನಸ್ಸಿನ ಸ್ವಾಸ್ಥ್ಯದ ಪಾಠ. ಕೀಟನಾಶಕ, ಮದ್ಯ, ಮಾಧ್ಯಮ ಎಲ್ಲವೂ ಅದರಲ್ಲಿ ಬರುತ್ತವೆ. ಕೃಷಿ, ಶಿಕ್ಷಣ, ಗೃಹ ಇಲಾಖೆಗಳೂ ಕೈಜೋಡಿಸಬೇಕು ಅನ್ನುತ್ತದೆ. ಆದರೆ ಇದು ಕಾಯ್ದೆಯಲ್ಲ. ಕೃಷಿ ಇಲಾಖೆ ಮಾಡದಿದ್ದರೆ ಆರೋಗ್ಯ ಇಲಾಖೆ ಬಲವಂತ ಮಾಡುವಂತಿಲ್ಲ. ಈ ಕೆಲಸ ನಿಧಾನವಾಗುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಇದು. ಎಲ್ಲ ಇಲಾಖೆಗೂ ಸೇರಿದ್ದು ಯಾವ ಇಲಾಖೆಗೂ ಸೇರದೆ ಉಳಿಯುತ್ತದೆ.

ಇನ್ನೊಂದು ಕಾರಣ ನಮ್ಮ ಗಮನ ಎಲ್ಲಿ ಹೋಗುತ್ತದೆ ಅನ್ನುವುದು. ರೈತ ತೀರಿಕೊಂಡ ಮೇಲೆ ಪರಿಹಾರದ ಅರ್ಜಿ, ಉಪವಿಭಾಗಾಧಿಕಾರಿಗಳ ಸಮಿತಿ, ಸಾಲದ ದಾಖಲೆ ಅಂತ ಒಂದು ದೊಡ್ಡ ವ್ಯವಸ್ಥೆಯೇ ಇದೆ. ನಾಯಕರು ಮನೆಗೆ ಬರುತ್ತಾರೆ, ಕ್ಯಾಮೆರಾ ಬರುತ್ತದೆ. ಆ ಕುಟುಂಬಕ್ಕೆ ಆಸರೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆರು ತಿಂಗಳ ಹಿಂದೆ ಅದೇ ಮನುಷ್ಯ ಸಾಲದ ಅವಧಿ ವಿಸ್ತರಿಸಿ ಅಂತ ಅಲೆಯುತ್ತಿದ್ದಾಗ ಕೇಳಿಸಿಕೊಳ್ಳುವ ಒಂದು ಟೇಬಲ್ ಇತ್ತಾ? ಆ ಟೇಬಲ್ ಇಡುವುದೇ ಆತ್ಮಹತ್ಯೆ ತಡೆಯುವ ಕೆಲಸ.

ಸುದ್ದಿ ಹೇಳುವ ರೀತಿ

ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಆತ್ಮಹತ್ಯೆಯ ಸುದ್ದಿಯನ್ನು ಎದ್ದುಕಾಣುವಂತೆ ಹಾಕಬಾರದು, ಹೇಗೆ ಮತ್ತು ಎಲ್ಲಿ ಅಂತ ವಿವರಿಸಬಾರದು, ಫೋಟೊ, ವಿಡಿಯೊ ಬಳಸಬಾರದು. ಸಂಕಟದಲ್ಲಿರುವ ಇನ್ನೊಬ್ಬರು ಅದನ್ನು ಓದಿ ಅನುಕರಿಸುವ ಅಪಾಯ ನಿಜವಾಗಿಯೂ ಇದೆ. ಇವತ್ತು ಊರಿನ ವಾಟ್ಸಾಪ್ ಗ್ರೂಪು ಪತ್ರಿಕೆಗಿಂತ ಬೇಗ ಓಡುತ್ತದೆ. ಕೊನೆಯ ವಿಡಿಯೊ, ಚೀಟಿಯ ಫೋಟೊ ಬಂದರೆ ಫಾರ್ವರ್ಡ್ ಮಾಡಬೇಡಿ. ಗ್ರೂಪಿನ ಅಡ್ಮಿನ್‌ಗೆ ಹೇಳಿ ಅಳಿಸಿಸಿ.

ನೇರವಾಗಿ ಕೇಳಿದರೆ ತಪ್ಪಾಗುತ್ತಾ?

"ಸಾಯೋ ಯೋಚನೆ ಬರ್ತಿದೆಯಾ ಅಂತ ಕೇಳಿದ್ರೆ ಇಲ್ಲದ್ದನ್ನ ತಲೆಗೆ ಹಾಕಿದ ಹಾಗಾಗಲ್ವಾ?" ಹಳ್ಳಿಯಲ್ಲೂ ಪಟ್ಟಣದಲ್ಲೂ ಈ ಹೆದರಿಕೆ ಇದೆ. ಹಾಗಾಗುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳುತ್ತದೆ. ಬದಲಿಗೆ, ಒಬ್ಬರಾದರೂ ಕೇಳಿದರಲ್ಲ ಅಂತ ಎದೆಯ ಭಾರ ಇಳಿಯುತ್ತದೆ. "ಯಾಕಣ್ಣಾ, ಬದುಕೇ ಬೇಡ ಅನ್ನಿಸ್ತಿದೆಯಾ?" ಅಂತ ಕೂತು, ಮೆಲ್ಲಗೆ ಕೇಳಿ. ಬುದ್ಧಿ ಹೇಳಬೇಡಿ, ಪೂರ್ತಿ ಕೇಳಿಸಿಕೊಳ್ಳಿ. "ನಿನಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇಲ್ಲ" ಎಂಬ ಮಾತು ಬಾಯಿಗೆ ಬಂದರೂ ನುಂಗಿಕೊಳ್ಳಿ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ಅಪಾಯದ ವಸ್ತು ಹತ್ತಿರ ಇದ್ದರೆ ದೂರ ಮಾಡಿ, ಅವರ ಮುಂದೆಯೇ 14416ಕ್ಕೆ ಕರೆ ಮಾಡಿ ಫೋನ್ ಕೈಗೆ ಕೊಡಿ. ತಕ್ಷಣದ ಅಪಾಯ ಇದ್ದರೆ 112 ಅಥವಾ 108.

ಒಮ್ಮೆ ಯತ್ನಿಸಿ ಉಳಿದು ಮನೆಗೆ ಬಂದವರಿಗೆ ಮೊದಲ ಕೆಲವು ವಾರ, ತಿಂಗಳುಗಳಲ್ಲಿ ಅಪಾಯ ಜಾಸ್ತಿ. ಆಗಲೇ ನಾವು ಅವರ ಹತ್ತಿರ ಮಾತು ಕಡಿಮೆ ಮಾಡುತ್ತೇವೆ, ಏನು ಮಾತಾಡಬೇಕೋ ತೋಚದೆ. ಆಸ್ಪತ್ರೆಯಿಂದ ಬಿಡುಗಡೆ ಮಾಡಿಸಿಕೊಳ್ಳುವಾಗ ಡಿಸ್ಚಾರ್ಜ್ ಕಾಗದದಲ್ಲಿ ಮುಂದಿನ ಮಾನಸಿಕ ತಪಾಸಣೆಯ ದಿನಾಂಕ ಬರೆಸಿಕೊಳ್ಳಿ. ಬರೆದಿಲ್ಲದಿದ್ದರೆ ಕೇಳಿ. ಅದು ಉಪಕಾರವಲ್ಲ, 115ನೇ ಕಲಂ ಕೊಟ್ಟ ಹಕ್ಕು. ಊರಿನ ಆಶಾ ಕಾರ್ಯಕರ್ತೆಗೆ ಮನೆಯವರೇ ತಿಳಿಸಿದರೆ ಆಮೇಲೆ ಬಂದು ವಿಚಾರಿಸಲು ಅವರಿಗೂ ದಾರಿಯಾಗುತ್ತದೆ.